ದಿಲ್‌ಪಸಂದ್‌ನೊಳಗೊಂದು ಅವರೆಕಾಳು

ಜೆ.ಪಿ. ನಗರದಲ್ಲಿ ಹೊಸದಾಗಿ ಒಂದು ಬೇಕರಿ ಬಂದಿದೆ. ಬೇಕರಿ ಎಂದರೆ ನಾವು ನೀವು ನಿಂತುಕೊಂಡೇ ಖಾರಾಬನ್ನು ತಿಂದು ಕಾಗದಕ್ಕೆ ಕೈ ಒರೆಸಿಕೊಂಡು ಹೊರಡುವ ಜಾಗವಲ್ಲ. ಗಾಜಿನ ಬಾಗಿಲು, ಹಳದಿ ದೀಪ, ಗೋಡೆಯ ಮೇಲೆ ಪ್ಯಾರಿಸ್ಸಿನ ಕಪ್ಪುಬಿಳುಪು ಚಿತ್ರಗಳು, ಕೂತರೆ ಏಳಲು ಕಷ್ಟವಾಗುವಂಥ ಎತ್ತರದ ಸ್ಟೂಲುಗಳು. ಮೊನ್ನೆ ಜನವರಿಯ ಒಂದು ಬೆಳಿಗ್ಗೆ ಔಷಧಿ ಅಂಗಡಿಗೆಂದು ಹೊರಟವಳನ್ನು ಅಲ್ಲಿನ ಬೆಣ್ಣೆಯ ವಾಸನೆ ಹಿಡಿದು ನಿಲ್ಲಿಸಿತು. ಬೆಣ್ಣೆ ಕಾಯಿಸುವ ವಾಸನೆ ನಮಗೇನೂ ಹೊಸದಲ್ಲ. ಆದರೆ ಹಿಟ್ಟಿನ ಪದರಗಳ ನಡುವೆ ಸಿಕ್ಕಿಕೊಂಡು ಬೇಯುವ ಬೆಣ್ಣೆಗೆ ಬೇರೆಯದೇ ಒಂದು ಸೊಕ್ಕಿದೆ. ಔಷಧಿಯನ್ನು ಆಮೇಲೆ ತಂದರಾಯಿತೆಂದು ಒಳಗೆ ಹೋದೆ.

ಗಾಜಿನ ಪೆಟ್ಟಿಗೆಯಲ್ಲಿ ದುಂಡನೆಯ, ಹೊಂಬಣ್ಣದ, ಮೇಲೆ ಗೆರೆ ಕೊರೆದ ಒಂದು ಕೇಕು. ಪಕ್ಕದಲ್ಲಿ ಕಾಗದದ ಕಿರೀಟ. ನಾನು ನೋಡುತ್ತಿದ್ದುದನ್ನು ಕಂಡು ಅಂಗಡಿಯ ಹುಡುಗಿ ಉತ್ಸಾಹದಿಂದ ಶುರುಮಾಡಿದಳು.

"ಆಂಟಿ, ಇದು ಫ್ರೆಂಚ್ ಟ್ರೆಡಿಷನ್ನು. ಜನವರೀಲಿ ಮಾತ್ರ ಮಾಡ್ತೀವಿ. ಒಳಗೆ ಒಂದು ಪುಟ್ಟ ಬೊಂಬೆ ಇಟ್ಟಿರ್ತೀವಿ. ಯಾರ್ ಪೀಸಲ್ಲಿ ಅದು ಸಿಗುತ್ತೋ ಅವ್ರೇ ಆ ದಿನ ಕಿಂಗು."

"ಮೇಜಿನ ಕೆಳಗೆ ಯಾರು ಕೂತ್ಕೋತಾರಮ್ಮ?" ಎಂದೆ.

ಹುಡುಗಿ ಪಾಪ, ಬಗ್ಗಿ ಮೇಜಿನ ಕೆಳಗೆ ನೋಡಿದಳು. ನನ್ನ ಪರ್ಸು ಬಿದ್ದಿದೆ ಎಂದುಕೊಂಡಿರಬೇಕು.

ಅವಳಿಗೆ ವಿವರಿಸೋಣವೆಂದರೆ ನನ್ನ ಹಿಂದೆ ಗಿರಾಕಿಗಳ ಸಾಲಿತ್ತು. ನಿಮಗೆ ಹೇಳಬಹುದು, ನಿಮಗೆ ಅವಸರವಿಲ್ಲ ತಾನೆ?

ನಾನು ಫ್ರೆಂಚ್ ಮೇಷ್ಟರಿಣಿ. ಈ ಪದವನ್ನು ನಮ್ಮ ಯಜಮಾನರು ಮಾಡಿದ್ದು; ಯಾವ ನಿಘಂಟಿನಲ್ಲೂ ಹುಡುಕಬೇಡಿ. ಫ್ರಾನ್ಸನ್ನು ನಾನು ನೋಡಿಲ್ಲ. ವಿಮಾನದ ಮಾತು ಹಾಗಿರಲಿ, ಪುದುಚೇರಿಗೆ ಹೋಗಿದ್ದೂ ಒಂದೇ ಸಲ, ಅದೂ ಭಾವನ ಮಗನ ಮದುವೆಗೆ. ಹರೆಯದಲ್ಲಿ ಸಂಜೆ ತರಗತಿಯೊಂದಕ್ಕೆ ಸೇರಿ ಈ ಭಾಷೆ ಕಲಿತೆ. ನಮಗೆ ಕಲಿಸಿದಾಕೆ ಪುದುಚೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದವರು. ವ್ಯಾಕರಣ ಬೇಸರವಾದಾಗ ಪುಸ್ತಕ ಮುಚ್ಚಿ ತಮ್ಮ ಬಾಲ್ಯದ ಹಬ್ಬಗಳನ್ನು ಹೇಳುತ್ತಿದ್ದರು. ಈರುಳ್ಳಿ ಹೊತ್ತ ಕತ್ತೆಯೊಂದು ಸಂತೆಗೆ ಹೋಗುವ ಹಾಡನ್ನು ತಾವೇ ಕಟ್ಟಿ ಹಾಡುತ್ತಿದ್ದರು. ವ್ಯಾಕರಣವೆಲ್ಲ ಮಸುಕಾಗಿದೆ, ಕತ್ತೆ ಮಾತ್ರ ಇನ್ನೂ ನಡೆಯುತ್ತಲೇ ಇದೆ.

ಆಮೇಲೆ ಜಯನಗರದ ಒಂದು ಶಾಲೆಯಲ್ಲಿ ಬಹಳ ವರ್ಷ ಹೈಸ್ಕೂಲಿನವರಿಗೆ ಪಾಠ ಹೇಳಿದೆ. ಕನ್ನಡ ಕಷ್ಟ, ಫ್ರೆಂಚಿನಲ್ಲಿ ಅಂಕ ಸುಲಭ ಎಂದು ಬರುತ್ತಿದ್ದ ಮಕ್ಕಳು ಅವರು. ಒಂದು ಭಾಷೆಯನ್ನು ಅಂಕಕ್ಕಾಗಿ ಕಲಿಯುವುದೆಂದರೆ ಮಾವಿನ ಹಣ್ಣನ್ನು ವಾಟೆಗಾಗಿ ಕೊಂಡ ಹಾಗೆ. ಕೆಲಸ ಬಿಟ್ಟ ಮೇಲೆ ನನಗೆ ಪರೀಕ್ಷೆಯೇ ಇಲ್ಲದ ಒಂದು ತರಗತಿ ನಡೆಸುವ ಆಸೆಯಾಯಿತು. ಪುಟ್ಟ ಮಕ್ಕಳು, ಬರೀ ಕಥೆ, ಬರೀ ಹಾಡು. ದೂರದಲ್ಲೊಂದು ದೇಶವಿದೆ, ಅಲ್ಲೂ ಮಕ್ಕಳಿಗೆ ಶೀತವಾಗುತ್ತದೆ, ಅಲ್ಲೂ ಅಜ್ಜಿಯರು ಸಿಹಿ ಬಚ್ಚಿಡುತ್ತಾರೆ ಎಂದು ತಿಳಿದರೆ ಸಾಕು ಎನ್ನಿಸಿತ್ತು.

ಇದು ಹನ್ನೆರಡು-ಹದಿಮೂರು ವರ್ಷದ ಹಿಂದಿನ ಮಾತು. ಜಾಗ ಸಿಕ್ಕಿದ್ದು ಬಿಟಿಎಂ ಲೇಔಟಿನಲ್ಲಿ, ಜಯಮ್ಮನವರ ಕಟ್ಟಡದ ನೆಲಮಹಡಿಯ ಹಾಲಿನಲ್ಲಿ. ಅಂಗಡಿಗೆಂದು ಕಟ್ಟಿಸಿದ್ದು ಖಾಲಿ ಬಿದ್ದಿತ್ತು. ಜಯಮ್ಮನವರದು ಅಲ್ಲಿನದೇ ಹಳೆಯ ಹಳ್ಳಿಯ ಮನೆತನ. ಈಗ ಕಟ್ಟಡ ನಿಂತಿರುವಲ್ಲಿ ಒಂದು ಕಾಲಕ್ಕೆ ಅವರ ರಾಗಿ, ಅವರೆ ಬೆಳೆಯುತ್ತಿತ್ತು. ಮೇಲಿನ ಮಹಡಿಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಊರಿನ ಬಾಡಿಗೆದಾರರು. ಹಾಲ್ ಬಿಟ್ಟುಕೊಡುವಾಗ ಜಯಮ್ಮ ಹಾಕಿದ್ದು ಒಂದೇ ಷರತ್ತು. "ನಮ್ ಚಿರಂತನ್ನ ಸೇರಿಸ್ಕೊಳಿ ಮೇಡಂ. ಅವ್ನು ಕಲೀದಿದ್ರೂ ಪರ್ವಾಗಿಲ್ಲ, ಒಂದ್ ಗಂಟೆ ನನ್ ಕಣ್ಮುಂದೆ ಇಲ್ದಿದ್ರೆ ಸಾಕು."

ಮೊಮ್ಮಗನಿಂದ ಬಿಡುವು ಬೇಕೆಂದವರು ಮೊದಲ ದಿನವೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ನಾನು ಗಂಟಲಿನಾಳದಿಂದ ಫ್ರೆಂಚ್ 'ರ'ಕಾರ ತೆಗೆದು ತೋರಿಸಿದಾಗ ಗಾಬರಿಯಿಂದ ಎದ್ದು ನಿಂತರು. "ನೀರ್ ಕೊಡ್ಲಾ ಮೇಡಂ? ಮೀನ್ ಮುಳ್ಳು ಸಿಕ್ಕಾಕ್ಕೊಂಡಂಗೆ ಆಡ್ತಿದೀರ!" ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ತರಗತಿ ನಿಜವಾಗಿ ಶುರುವಾಗಿದ್ದು ಆ ನಗುವಿನಿಂದಲೇ.

ಭೂಮಿಕಾಳನ್ನು ಕರೆತಂದವರೂ ಜಯಮ್ಮನವರೇ. ಮೂರನೇ ಮಹಡಿಯ ಬಾಡಿಗೆದಾರರ ಮಗಳು. ಬಾಗಲಕೋಟೆ ಕಡೆಯ ಹಳ್ಳಿಯವರು. ತಂದೆ ಬಸವರಾಜ್ ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್, ತಾಯಿಗೂ ಕೆಲಸ. ಹುಡುಗಿಗೆ ಐದು ತುಂಬಿ ಆರು ನಡೆಯುತ್ತಿತ್ತು. ಎರಡು ಬಿಗಿಯಾದ ಜಡೆ, ಹಣೆಯಲ್ಲಿ ವಿಭೂತಿ, ದೊಡ್ಡ ಕಣ್ಣು.

"ಇದೂ ಒಂದ್ ಮೂಲೇಲಿ ಕೂತ್ಕೊಳ್ಳಲಿ ಮೇಡಂ," ಎಂದರು ಜಯಮ್ಮ. "ಮಾತಾಡಲ್ಲ ಅದು."

"ನಾಚಿಕೆನಾ?"

"ನಾಚಿಕೆ ಅಲ್ಲ. ಬಾಯಿಗೆ ಬೀಗ ಹಾಕ್ಕೊಂಬುಟ್ಟಿದೆ."

ಬೀಗ ಯಾಕೆ ಬಿತ್ತೆಂದು ಬಸವರಾಜ್ ಒಂದು ದಿನ ಗೇಟಿನ ಬಳಿ ಹೇಳಿದರು. ಊರಲ್ಲಿದ್ದಾಗ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗು. ಇಲ್ಲಿ ಶಾಲೆಗೆ ಸೇರಿದ ಹೊಸದರಲ್ಲಿ ಯಾರೋ ಊಟ ಹಂಚಲು ಬಂದರೆ "ನಾ ಒಲ್ಲೆ, ನನಗ ಹಸಿವಿಲ್ಲ" ಎಂದಳಂತೆ. ವ್ಯಾನಿನ ಮಕ್ಕಳಿಗೆ ಅದೇ ಆಟವಾಯಿತು. ಬೆಳಿಗ್ಗೆ ಸಂಜೆ "ನಾ ಒಲ್ಲೆ, ನಾ ಒಲ್ಲೆ" ಎಂದು ರಾಗ. ಟೀಚರೂ "ಸರಿಯಾಗಿ ಮಾತಾಡು ಪುಟ್ಟ" ಎಂದರು, ಕೆಟ್ಟ ಮನಸ್ಸಿನಿಂದಲ್ಲ. ಅಷ್ಟೇ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಅವ್ವನ ಹತ್ತಿರ ಮಾತು; ಹೊಸಿಲು ದಾಟಿದರೆ ಮೌನ. ಡಾಕ್ಟರು ಕಿವಿ, ನಾಲಿಗೆ ಎಲ್ಲ ಸರಿಯಿದೆ ಎಂದು ಕಳಿಸಿದ್ದರು.

ನನಗೆ ಮನಸ್ಸಿನಲ್ಲೇ ಒಂದು ಲೆಕ್ಕಾಚಾರ ಹುಟ್ಟಿತು. ಇವಳ ಕನ್ನಡಕ್ಕೆ ತಾನೆ ಅವರು ನಕ್ಕಿದ್ದು? ಫ್ರೆಂಚಿನಲ್ಲಿ ಇಲ್ಲಿರುವವರೆಲ್ಲ ಒಂದೇ ತಕ್ಕಡಿಯ ದಡ್ಡರು. ಚಿರಂತನಿಗೂ ಬಾರದು, ಪಕ್ಕದ ಅಪಾರ್ಟ್‌ಮೆಂಟಿನಿಂದ ಕಾರಿನಲ್ಲಿ ಬರುವವರಿಗೂ ಬಾರದು. ಯಾರೂ ಯಾರನ್ನೂ ನೋಡಿ ನಗುವ ಹಾಗಿಲ್ಲ. ಈ ಭಾಷೆಯಲ್ಲಿ ಅವಳು ಖಂಡಿತ ಬಾಯಿ ಬಿಡುತ್ತಾಳೆ ಎಂದುಕೊಂಡೆ. ಮನೆಗೆ ಬಂದು ಯಜಮಾನರ ಮುಂದೆ ಈ ಸಿದ್ಧಾಂತವನ್ನು ಅರ್ಧ ಗಂಟೆ ಮಂಡಿಸಿದೆ. ಅವರು ಪತ್ರಿಕೆಯ ಹಿಂದಿನಿಂದ "ಹ್ಞೂಂ" ಎಂದರು.

ಹುಡುಗಿ ತಪ್ಪದೆ ಬಂದಳು. ಕತ್ತೆಯ ಹಾಡಿಗೆ ಎಲ್ಲರಿಗಿಂತ ಚೆನ್ನಾಗಿ ಕೈ ಆಡಿಸಿದಳು. ಮೂಟೆ ಹೊತ್ತಳು, ಕಿವಿ ಅಲ್ಲಾಡಿಸಿದಳು. ಚಂದ್ರನನ್ನು ರೊಟ್ಟಿಯೆಂದು ತಿಳಿದು ಛಾವಣಿ ಹತ್ತಿದ ಬೆಕ್ಕಿನ ಕಥೆಯನ್ನು ಹೇಳುವಾಗ ಉಸಿರು ಬಿಗಿಹಿಡಿದು ಕೇಳಿದಳು. ತುಟಿ ಮಾತ್ರ ಬಿಚ್ಚಲಿಲ್ಲ. ನಾನು "ಬೋಂಜೂರ್ ಭೂಮಿಕಾ" ಎಂದು ನಮಸ್ಕಾರ ಹೇಳಿದರೆ ತಲೆ ಬಗ್ಗಿಸುವಳು. ನಾಲ್ಕಾರು ಉಪಾಯ ಮಾಡಿದೆ, ಚಿತ್ರ ತೋರಿಸಿದೆ, ಕೈಬೊಂಬೆ ಆಡಿಸಿದೆ. ನನ್ನ ಸಿದ್ಧಾಂತ ಮಳೆಗೆ ನೆನೆದ ಪಟಾಕಿಯಂತಾಯಿತು.

ಡಿಸೆಂಬರಿನ ಕೊನೆಗೆ ಬಸವರಾಜ್ ಮತ್ತೆ ಗೇಟಿನ ಬಳಿ ನಿಂತಿದ್ದರು.

"ಮೇಡಂ, ಸಂಕ್ರಾಂತಿ ಆದಮ್ಯಾಲ ಆಕೀನ ಊರಾಗ ಬಿಟ್ಟು ಬರ್ತೀನ್ರಿ."

"ಯಾಕೆ ಬಸವರಾಜ್?"

"ಹಿಂಗ ಇದ್ರ ಮುಂದಿನ ಕ್ಲಾಸಿಗೆ ತಗೊಳ್ಳೂದು ಕಷ್ಟ ಅಂತ ಸಾಲ್ಯಾಗ ಹೇಳ್ಯಾರ್ರಿ. ನಮ್ಮವ್ವನ ಕಡೆ ಇದ್ರ ನಾಕ್ ಮಾತರ ಆಡ್ತೈತಿ ಕೂಸು. ಆಕೀನ ಬಿಟ್ಟು ನಾವಿಬ್ರೂ ಇಲ್ಲಿ ಹೆಂಗ ಇರೂದು ಅದು ಗೊತ್ತಿಲ್ರಿ." ಅಷ್ಟು ಹೇಳಿ ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಹಾಕುತ್ತಾ ತೆಗೆಯುತ್ತಾ ನಿಂತರು.

ಬೇಡ ಎನ್ನಲು ನಾನು ಯಾರು? ನನ್ನ ಬಳಿ ಇದ್ದದ್ದು ಒಂದು ಕತ್ತೆ, ಒಂದು ಬೆಕ್ಕು, ಸರಿಯಾಗಿ ಹೊರಡದ ಒಂದು 'ರ'ಕಾರ.

ಜನವರಿ ಬಂತು. ನಮ್ಮ ಪುದುಚೇರಿಯ ಟೀಚರು ಹೇಳಿದ್ದ ಹಬ್ಬವೊಂದನ್ನು ಮಕ್ಕಳಿಗೆ ಮಾಡಿ ತೋರಿಸೋಣವೆಂದು ಹೊರಟೆ. ಆ ಬೇಕರಿಯ ಹುಡುಗಿ ಹೇಳಿದ ಹಬ್ಬವೇ. ಆಗ ಅಂಥ ಕೇಕು ಎಲ್ಲಿ ಸಿಗಬೇಕು? ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯವರ ಮುಂದೆ ನಿಂತು ವರ್ಣಿಸಿದೆ: ದುಂಡಗಿರಬೇಕು, ಪದರಪದರ ಇರಬೇಕು, ಒಳಗೆ ಸಿಹಿ ಹೂರಣ, ತ್ರಿಕೋನದ ತುಂಡು ಮಾಡಲು ಬರಬೇಕು. ಅವರು ಪೂರ್ತಿ ಕೇಳಿಸಿಕೊಂಡು, "ಮೇಡಂ, ನೀವ್ ಹೇಳ್ತಿರೋದು ದಿಲ್‌ಪಸಂದು" ಎಂದರು. ಯೋಚಿಸಿದೆ. ಹೌದಲ್ಲ! ಕೊಬ್ಬರಿ, ಟೂಟಿಫ್ರೂಟಿ ತುಂಬಿದ ದೊಡ್ಡದೊಂದು ದಿಲ್‌ಪಸಂದನ್ನೇ ಕಟ್ಟಿಸಿಕೊಂಡು ಬಿಟಿಎಂಗೆ ಹೋದೆ.

ಒಳಗೆ ಹುದುಗಿಸಲು ಬೊಂಬೆ ಇರಲಿಲ್ಲ. ಹಿಂದಿನ ಕಾಲದಲ್ಲಿ ಅಲ್ಲಿನವರು ಒಂದು ಕಾಳನ್ನು ಇಡುತ್ತಿದ್ದರಂತೆ ಎಂದೆ. ಅಷ್ಟು ಕೇಳಿದ್ದೇ ಜಯಮ್ಮನವರ ಮುಖ ಅರಳಿತು. "ಕಾಳಾ? ಅವರೇಕಾಳು ಇಡಣ ಬಿಡಿ! ಸೊಗಡು ಹೆಂಗಿದೆ ನೋಡಿ ಈ ಸಲ." ಮಕ್ಕಳ ಹಲ್ಲಿಗೆ ಪೆಟ್ಟಾದೀತೆಂದು ಬೇಯಿಸಿದ ಕಾಳನ್ನೇ ತಂದು ಚಾಕುವಿನ ತುದಿಯಿಂದ ಒಳಗೆ ತುರುಕಿದರು. ಫ್ರಾನ್ಸಿನ ಹಬ್ಬಕ್ಕೆ ಬಿಟಿಎಂ ಲೇಔಟಿನ ಅವರೆ. ಮಹಡಿಯ ಬಾಡಿಗೆದಾರರಲ್ಲಿ ಬಿಡುವಿದ್ದವರನ್ನೂ ಅವರೇ ಕರೆದಿದ್ದರು.

ಹಾಲಿನ ನಡುವೆ ಅವರ ಮನೆಯ ಹಳೆಯ ಮರದ ಮೇಜು, ಅದರ ಮೇಲೆ ನೆಲದಿಂದ ಒಂದು ಗೇಣು ಮೇಲಿನವರೆಗೆ ಇಳಿಬಿಟ್ಟ ಬೆಡ್‌ಶೀಟು. ಸುತ್ತಲೂ ಎಲ್ಲರೂ ನಿಂತರು. ನಾನು ನಿಯಮ ಹೇಳಿದೆ. "ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತ್ಕೋಬೇಕು. ನಾನು ಒಂದೊಂದೇ ತುಂಡು ತೆಗೆದು 'ಸೆ ಪೂರ್ ಕಿ?' ಅಂತ ಕೇಳ್ತೀನಿ. ಹಾಗಂದ್ರೆ, ಇದು ಯಾರಿಗೆ? ಕೆಳಗಿರೋರು ತುಂಡನ್ನ ನೋಡೋ ಹಾಗಿಲ್ಲ. ಅವರು ಯಾರ ಹೆಸರು ಹೇಳಿದ್ರೆ ಅದು ಅವರಿಗೆ."

ಹೇಳಿ ಮುಗಿಸಿದ ಮೇಲೆ ಹೊಳೆಯಿತು. ಎಲ್ಲರಿಗಿಂತ ಚಿಕ್ಕವಳು ಭೂಮಿಕಾ.

ಜಯಮ್ಮನವರು ಪಿಸುಗುಟ್ಟಿದರು. "ಅದನ್ನ ಯಾಕ್ ಮೇಡಂ ಕಷ್ಟಕ್ಕೆ ಹಾಕ್ತೀರಾ? ಚಿರಂತ ಕೂತ್ಕೊಳ್ಳಲಿ." ಸರಿ ಎಂದು ನಾನು ತಿರುಗುವಷ್ಟರಲ್ಲಿ ಹುಡುಗಿ ತಾನೇ ಬೆಡ್‌ಶೀಟ್ ಎತ್ತಿ ಒಳಗೆ ನುಸುಳಿಬಿಟ್ಟಿದ್ದಳು.

ಮೊದಲ ತುಂಡು ಕತ್ತರಿಸಿ ತಟ್ಟೆಗೆ ಹಾಕಿದೆ. "ಸೆ ಪೂರ್ ಕಿ?"

ಸದ್ದಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಿಕಿಸಿ ನಕ್ಕರು. ಇನ್ನೊಮ್ಮೆ ಕೇಳಿದೆ. ಹೊರಗೆ ತರಕಾರಿ ಗಾಡಿಯವನ ಕೂಗು, ಮೇಲೆ ಫ್ಯಾನಿನ ಗರಗರ. ಯಾರದಾದರೂ ಹೆಸರನ್ನು ನಾನೇ ಹೇಳಿ ಮುಂದೆ ಸಾಗೋಣವೆಂದು ಬಾಯಿ ತೆರೆದೆ. ಜಯಮ್ಮನವರು ನನ್ನ ಮಣಿಕಟ್ಟು ಹಿಡಿದುಕೊಂಡರು, ತಡೀರಿ ಎನ್ನುವಂತೆ.

ಆಗ ಕೆಳಗಿನಿಂದ, ಸ್ವಲ್ಪ ಒಡಕಾದ, ಆದರೆ ಸ್ಪಷ್ಟವಾದ ದನಿ.

"ಬೆಳ್ಳಿ ಕಾಲುಂಗುರದ ಅಜ್ಜಿಗಿ."

ಎಲ್ಲರೂ ಎಲ್ಲರ ಪಾದ ನೋಡಿಕೊಂಡೆವು. ಕೆಳಗೆ ಕೂತವಳಿಗೆ ಕಾಣುತ್ತಿದ್ದುದು ಪಾದಗಳು ಮಾತ್ರ! ಜಯಮ್ಮನವರು ತಮ್ಮ ಕಾಲುಂಗುರವನ್ನು ಮೊದಲ ಬಾರಿಗೆ ಕಂಡವರಂತೆ ನೋಡಿದರು. ಕಾರಿನಲ್ಲಿ ಬರುವ ಮಕ್ಕಳಲ್ಲಿ ಒಬ್ಬ "ಅಜ್ಜಿಗಿ ಅಂದ್ಳು..." ಎಂದು ಶುರುಮಾಡಿದ. ಜಯಮ್ಮನವರು ಅವನತ್ತ ಒಮ್ಮೆ ಕಣ್ಣು ತಿರುಗಿಸಿದರು. ಹೊಲಕ್ಕೆ ನುಗ್ಗಿದ ದನವನ್ನು ನಿಲ್ಲಿಸುತ್ತಿದ್ದ ಕಣ್ಣದು. ಮಾತು ಅಲ್ಲೇ ನಿಂತಿತು.

"ಸೆ ಪೂರ್ ಕಿ?"

"ಹಳದಿ ಸಾಕ್ಸಿನಾಂವಗ." ಚಿರಂತ ಕುಣಿದುಕೊಂಡು ತಟ್ಟೆ ತೆಗೆದುಕೊಂಡ.

"ಸೆ ಪೂರ್ ಕಿ?"

"ಹಿಮ್ಮಡ ಒಡದಾವಲ್ರಿ, ಆ ಮೇಡಮ್ಮಗ."

ಬೆಂಗಳೂರಿನಲ್ಲಿ ಇಷ್ಟು ವರ್ಷದಿಂದ ಬಾಳುತ್ತಿದ್ದೇನೆ, ನನ್ನ ಹಿಮ್ಮಡಿಯ ವಿಚಾರ ಹೀಗೆ ಸಾರ್ವಜನಿಕವಾದದ್ದು ಅದೇ ಮೊದಲು. ಹಾಲಿಗೆ ಹಾಲೇ ನಕ್ಕಿತು. ನಕ್ಕಿದ್ದು ನನ್ನನ್ನು ನೋಡಿ, ಅವಳ ಮಾತಿನ ಧಾಟಿಗಲ್ಲ. ಅದು ಅವಳಿಗೂ ತಿಳಿಯಿತೆಂದು ಕಾಣುತ್ತದೆ, ಯಾಕೆಂದರೆ ಬೆಡ್‌ಶೀಟಿನ ಒಳಗಿನಿಂದಲೂ ಒಂದು ಪುಟ್ಟ ನಗು ಕೇಳಿಸಿತು. ಆಮೇಲೆ ದನಿ ಗಟ್ಟಿಯಾಗುತ್ತಾ ಹೋಯಿತು. ಉಗುರಿಗೆ ಬಣ್ಣ ಹಚ್ಚಿದಾಕಿಗಿ. ಒಂದ ಕಾಲಿನ ಮ್ಯಾಲ ನಿಂತಾಂವಗ.

ತುಂಡುಗಳು ಮುಗಿಯುತ್ತ ಬಂದಾಗ ಮತ್ತೆ ಕೇಳಿದೆ. ಈ ಸಲ ಕೆಳಗೆ ಕೊಂಚ ತಡವಾಯಿತು.

"ನಮ್ಮ ಅಪ್ಪಗ."

ತಿರುಗಿ ನೋಡಿದರೆ, ಬಾಗಿಲ ಹೊರಗೆ ಬಸವರಾಜ್. ಕೆಲಸ ಮುಗಿಸಿ ಬಂದವರು, ಮೆಟ್ಟಿಲ ಬಳಿ ಶೂಸು ಕಳಚಿ, ಒಳಗೆ ಬರದೆ ಹೊಸಿಲಲ್ಲೇ ನಿಂತುಬಿಟ್ಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಟ್ಟೆ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡರು, ತಿನ್ನಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಕೊನೆಯ ತುಂಡನ್ನು ನೋಡಿ, ದನಿ ತಗ್ಗಿಸಿ ಕೇಳಿದರು. "ಅದೊಂದನ್ನ ನಾ ಕೇಳ್ಲೇನ್ರಿ ಮೇಡಂ?"

ನಾನು ಚಾಕು ಕೆಳಗಿಟ್ಟು ಸರಿದೆ. ಅವರು ಬಂದು ಮೇಜಿಗೆ ಕೈಯೂರಿದರು.

"ಇದು ಯಾರಿಗವ್ವಾ?"

"ನನಗ!" ಕೆಳಗಿನಿಂದ ಥಟ್ಟನೆ ಬಂತು ಉತ್ತರ. "ಆಗಿಂದ ಎಲ್ಲಾರಿಗೂ ಕೊಡಾಕತ್ತೀರಿ, ನನಗ ಯಾರೂ ಕೊಟ್ಟೇ ಇಲ್ಲ!"

ಬಸವರಾಜ್ ನಗಲು ಹೋಗಿ ನಗಲಾರದೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಜನವರಿಯಲ್ಲಿ ಅಷ್ಟು ಬೆವರು ಯಾರಿಗೂ ಬರುವುದಿಲ್ಲ.

ಇಷ್ಟಕ್ಕೂ ಆ ದಿನ ರಾಜ ಯಾರಾದರು ಎಂದು ನೀವು ಕೇಳಬೇಕು. ಯಾರೂ ಆಗಲಿಲ್ಲ. ಬೇಯಿಸಿದ ಅವರೆಕಾಳು ಟೂಟಿಫ್ರೂಟಿಯ ಜೊತೆ ಸದ್ದಿಲ್ಲದೆ ಯಾರದೋ ಹೊಟ್ಟೆ ಸೇರಿತ್ತು. ಮಕ್ಕಳು ಗಲಾಟೆ ಎಬ್ಬಿಸಿದರೆ ಜಯಮ್ಮನವರು ತೀರ್ಪು ಕೊಟ್ಟರು. "ಹೊಟ್ಟೆಗೋದ ಮೇಲೆ ಎಲ್ರೂ ರಾಜ್ರೇ. ಹೋಗಿ, ಕೈ ತೊಳ್ಕೊಳಿ." ರಾಜನಿಗೆಂದು ನಾನು ಮಾಡಿ ತಂದಿದ್ದ ಕಾಗದದ ಕಿರೀಟವನ್ನು, ಮೇಜಿನಡಿಯಿಂದ ಹೊರಬಂದ ಭೂಮಿಕಾಳ ತಲೆಗೆ ಅವರೇ ಇಟ್ಟರು. ಅದು ಜಾರಿ ಕೊರಳಿಗೆ ಬಂತು.

ಹೊರಬಂದವಳು ಅಷ್ಟು ಮುಖಗಳನ್ನು ಕಂಡು ಮತ್ತೆ ಬಾಯಿ ಮುಚ್ಚಿದಳು. ಅಂದೇ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಆದರೆ ಬಸವರಾಜ್ ಊರಿನ ಪ್ರಯಾಣವನ್ನು ಮುಂದಕ್ಕೆ ಹಾಕಿದರು. ಮುಂದಿನ ವಾರ ತರಗತಿಗೆ ಹೋದರೆ ಅವಳು ಆಗಲೇ ಮೇಜಿನ ಕೆಳಗೆ! ನನಗೂ ಬೇರೆ ದಾರಿ ಇರಲಿಲ್ಲ. ಎಲ್ಲರನ್ನೂ ಕರೆದುಕೊಂಡು ನಾನೂ ಒಳಗೆ ತೂರಿದೆ. ಅಲ್ಲಿಂದ ಬೇಸಿಗೆಯವರೆಗೆ ಕತ್ತೆಯ ಹಾಡು, ಬೆಕ್ಕಿನ ಕಥೆ ಎಲ್ಲ ನಡೆದದ್ದು ಮೇಜಿನಡಿಯಲ್ಲೇ, ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಗೆ ತಾಗಿಸಿಕೊಂಡು. ಚಂದ್ರನನ್ನು ಬೆಕ್ಕು ಯಾಕೆ ರೊಟ್ಟಿಯೆಂದುಕೊಂಡಿತು ಎಂದು ಕೇಳಿದಾಗ ಭೂಮಿಕಾ, "ಜ್ವಾಳದ ರೊಟ್ಟಿನೂ ಹಂಗ ಇರ್ತೈತಿ, ಬೆಳ್ಳಗ, ನಡುವ ಸುಟ್ಟ ಕಲಿ ಇರ್ತಾವ" ಎಂದು ಎಲ್ಲರಿಗೂ ಬಿಡಿಸಿ ಹೇಳಿದಳು. ಚಿರಂತ ಮನೆಗೆ ಹೋಗಿ ನನಗೂ ಜೋಳದ ರೊಟ್ಟಿಯೇ ಬೇಕೆಂದು ಹಟ ಹಿಡಿದನಂತೆ.

ಶಾಲೆಗೆ ಜಯಮ್ಮನವರೇ ಬಸವರಾಜ್ ಜೊತೆ ಹೋಗಿ, ಹುಡುಗಿಯನ್ನು ಮುಂದಿನ ಕ್ಲಾಸಿಗೆ ತೆಗೆದುಕೊಳ್ಳಲು ಒಪ್ಪಿಸಿ ಬಂದರು. ಏನು ಮಾತಾಡಿದಿರಿ ಎಂದರೆ ಹೇಳಲಿಲ್ಲ. ಅವರೆಕಾಯಿ ಸುಲಿಯುತ್ತಾ ಬೇರೆಯದನ್ನು ಹೇಳಿದರು. "ಇಲ್ಲಿ ಲೇಔಟ್ ಆದಾಗ ದೊಡ್ ದೊಡ್ ಮನೆಯವ್ರು ಬಂದ್ರಲ್ಲ ಮೇಡಂ, ನಾನ್ ಬಾಯ್ ಬಿಟ್ರೆ ಸಾಕು, ನಗೋರು. ನಮ್ದೇ ಹೊಲ, ನಮ್ದೇ ಊರು, ನಮ್ ಮಾತೇ ಅವ್ರಿಗೆ ತಮಾಷೆ. ಎಷ್ಟೋ ವರ್ಷ ನಾನು ಯಾರ್ ಹತ್ರಾನೂ ಮಾತೇ ಆಡ್ತಿರ್ಲಿಲ್ಲ. ಅದ್ಕೇ ಅವತ್ತು ನಿಮ್ ಕೈ ಹಿಡ್ಕೊಂಡಿದ್ದು." ನಾನೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯಲು ಕೂತೆ.

ಆಮೇಲೆ ಬಹಳ ಯೋಚಿಸಿದ್ದೇನೆ. ಮಕ್ಕಳಿಗೆ ಒಂದು ಸಂಸ್ಕೃತಿಯನ್ನು ಪರಿಚಯಿಸುವುದೆಂದರೆ ಬಾವುಟ, ಗೋಪುರ, ರಾಜಧಾನಿಯ ಹೆಸರು ಎಂದು ನಾವು ತಿಳಿದಿರುತ್ತೇವೆ. ಆದರೆ ಎಲ್ಲೋ ದೂರದ ದೇಶದಲ್ಲಿ ಯಾರೋ ಹಿರಿಯರು, ಹಬ್ಬದ ದಿನ ಹಂಚುವ ಅಧಿಕಾರ ಚಾಕು ಹಿಡಿದವರ ಕೈಯಲ್ಲಿರುವುದು ಬೇಡ, ಎಲ್ಲರಿಗಿಂತ ಸಣ್ಣವರ ನಾಲಿಗೆಯಲ್ಲಿರಲಿ ಎಂದು ತೀರ್ಮಾನಿಸಿದರಲ್ಲ, ನಾನು ಕಲಿಸಿದ್ದರಲ್ಲಿ ನಿಜವಾದ ಫ್ರಾನ್ಸ್ ಅದೊಂದೇ ಇರಬೇಕು. ಅವಳು ಫ್ರೆಂಚಿನಲ್ಲಿ ಬಾಯಿ ಬಿಡುತ್ತಾಳೆಂದು ನಾನು ಕಾದಿದ್ದೆ. ಫ್ರೆಂಚು ಬರಿಯ ಪ್ರಶ್ನೆ ಕೇಳಿತು. ಅವಳು ತನ್ನ ಮಾತಿನಲ್ಲೇ ಉತ್ತರ ಕೊಟ್ಟಳು.

ಭೂಮಿಕಾಳ ಮನೆಯವರು ಮುಂದೆ ಅಂಜನಾಪುರಕ್ಕೆ ಹೋದರು. ಅವಳೀಗ ಕಾಲೇಜಿನಲ್ಲಿದ್ದಾಳೆ. ಫ್ರೆಂಚ್ ಪೂರ್ತಿ ಮರೆತಿದ್ದಾಳೆ, ಅದಕ್ಕೆ ನನಗೇನೂ ಬೇಸರವಿಲ್ಲ. ಅಪರೂಪಕ್ಕೆ ಫೋನ್ ಮಾಡಿದರೆ ಒಲೆಯ ಮೇಲಿಟ್ಟ ಸಾರು ಇಂಗುವವರೆಗೆ ಮಾತು. ಗೆಳತಿಯರ ಜೊತೆ ನಮ್ಮ ಬೆಂಗಳೂರಿನ "ಸಖತ್", "ಮಗಾ" ಎಲ್ಲ ಆಡುತ್ತಾಳಂತೆ. ಸಿಟ್ಟು ಬಂದರೆ ಮಾತ್ರ ಬಾಗಲಕೋಟೆಯೇ.

ಬೇಕರಿಯಿಂದ ಬರಿಗೈಯಲ್ಲಿ ಹೊರಬಂದು ಔಷಧಿ ತೆಗೆದುಕೊಂಡು ಮನೆಗೆ ನಡೆದೆ. ಅವತ್ತು ಭಾನುವಾರ. ಸಂಜೆ ಸುಬ್ರಹ್ಮಣ್ಯಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ಈಗಿನ ಪುಟ್ಟ ಗುಂಪಿಗೆ ಕಥೆ ಹೇಳಬೇಕಿತ್ತು. ಹೊಸದಾಗಿ ಒಬ್ಬ ತಾಯಿ, ಒಡಿಶಾ ಕಡೆಯವರು, ಮಗಳನ್ನು ಕರೆತಂದಿದ್ದರು. ಮಗು ತಾಯಿಯ ದುಪಟ್ಟಾದೊಳಗೆ ಮುಖ ಹುದುಗಿಸಿತ್ತು.

"ಸಾರಿ ಮೇಡಂ," ಎಂದರು ಆಕೆ, ಈಗಷ್ಟೇ ಕಲಿಯುತ್ತಿರುವ ಕನ್ನಡದಲ್ಲಿ. "ಇವಳು ಮಾತು ಮಾಡೋದಿಲ್ಲ. ಎಷ್ಟು ದಿನದಲ್ಲಿ ಮಾಡ್ತಾಳೆ?"

"ಗೊತ್ತಿಲ್ಲಮ್ಮ," ಎಂದೆ. "ಅವಳಿಗೆ ಕೂತ್ಕೊಳ್ಳೋಕೆ ಎಲ್ಲಿ ಇಷ್ಟನೋ ಅಲ್ಲಿ ಕೂತ್ಕೊಳ್ಳಲಿ."

ಮಗು ಹೋಗಿ ಪರದೆಯ ಹಿಂದೆ ಕೂತಿತು. ಮೊದಲಾಗಿದ್ದರೆ ಕೈಬೊಂಬೆ ಹುಡುಕುತ್ತಿದ್ದೆ. ಈಗ ಕಥೆಯನ್ನು ಎತ್ತಿಕೊಂಡು ನಾನೂ ಪರದೆಯ ಪಕ್ಕಕ್ಕೆ ಹೋಗಿ, ಗೋಡೆ ಹಿಡಿದು, ಮೆಲ್ಲಗೆ ನೆಲಕ್ಕೆ ಇಳಿದೆ. ನನ್ನ ಮಂಡಿಗಳು ಎರಡೂ ಒಟ್ಟಿಗೆ ಲಟಕ್ಕೆಂದವು. ಪರದೆ ಒಂದಿಷ್ಟು ಸರಿಯಿತು. ಒಂದು ಕಣ್ಣು ಹೊರಗೆ ಬಂದು ನನ್ನ ಮಂಡಿಯನ್ನು ಬಹಳ ಕನಿಕರದಿಂದ ನೋಡಿತು. ನಾನು ಕಥೆ ಶುರುಮಾಡಿದೆ.